ಲಗಮಪ್ಪನ ‘ಇನ್ನಿಟ್’

ಕೃಷ್ಣೆಗೂ ಘಟಪ್ರಭೆಗೂ ನಡುವಿನ ನಮ್ಮ ಸೀಮೆಯಲ್ಲಿ ಈಗ ಕಾಲವನ್ನು ಎರಡಾಗಿ ಸೀಳಿ ಹೇಳುವುದು ರೂಢಿಯಾಗಿದೆ: ಲಗಮಪ್ಪ ‘ಇನ್ನಿಟ್’ ಅನ್ನುವುದಕ್ಕೆ ಮುಂಚೆ, ಮತ್ತು ಅಂದ ಮೇಲೆ. ಆ ಶಬ್ದ ಅವನ ಬಾಯಿಂದ ಮೊದಲ ಸಲ ಹೊರಬಿದ್ದಾಗ ರಬಕವಿ-ಬನಹಟ್ಟಿಯಲ್ಲಿ ಒಂದಿಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು ಎಂದು ನೇಕಾರರು ಆಣೆ ಮಾಡಿ ಹೇಳುತ್ತಾರೆ. ಅವತ್ತು ಕರೆಂಟು ಹೋಗಿತ್ತಲ್ಲ ಎಂದು ಯಾರಾದರೂ ನೆನಪಿಸಿದರೆ, ಕರೆಂಟು ಯಾಕೆ ಹೋಯಿತು ಹೇಳು ನೋಡೋಣ ಎಂದು ತಿರುಗಿ ಕೇಳುತ್ತಾರೆ. ಬೀಳಗಿಯಲ್ಲಿ ಒಬ್ಬರ ಎಮ್ಮೆ ಮೂರು ದಿನ ಹಾಲು ಕೊಡಲಿಲ್ಲವಂತೆ. ಜಮಖಂಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಗಮಪ್ಪನ ಮೈಯಲ್ಲಿ ಹಳೇ ಕಾಲದ ಯಾವನೋ ಗೋರಾ ಸಾಹೇಬ ಸೇರಿಕೊಂಡಿದ್ದಾನೆ, ಅವನಿಗೆ ಇಲ್ಲಿಯ ರೊಟ್ಟಿ ಒಗ್ಗಿಬಿಟ್ಟಿರುವುದರಿಂದ ಬಿಟ್ಟು ಹೋಗುತ್ತಿಲ್ಲ ಎಂದು ತೀರ್ಮಾನಿಸಿದ್ದರು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರು ಈ ಸುದ್ದಿಗಳನ್ನು ಕಬ್ಬಿನ ಜೊತೆಗೇ ಹೇರಿಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ತನಕ ಮುಟ್ಟಿಸಿದರು. ದಾರಿಯಲ್ಲಿ ಕಬ್ಬು ಒಂದಿಷ್ಟು ಕಡಿಮೆಯಾಗುತ್ತಿತ್ತು, ಸುದ್ದಿ ಮಾತ್ರ ಹೆಚ್ಚಾಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣನಾದ ಪುರುಷನನ್ನು ನೋಡಿದರೆ ನಿಮಗೆ ನಿರಾಶೆಯಾದೀತು. ಲಗಮಪ್ಪನಿಗೆ ನಲವತ್ತೇಳು ವರ್ಷ. ಮುಧೋಳದಿಂದ ನಾಲ್ಕೈದು ಮೈಲಿ ದೂರದ ತೋಟದ ಮನೆಯಲ್ಲಿ ನಾಯಿ ಸಾಕುತ್ತಾನೆ. ಮುಧೋಳದ ಬೇಟೆ ನಾಯಿ, ಉದ್ದ ಕಾಲು, ಬಡಕಲು ನಡು, ಚೂಪು ಮೂತಿ. ವರ್ಷಾನುಗಟ್ಟಲೆ ಅವುಗಳ ಜೊತೆಗಿದ್ದು ಅವನೂ ಹಾಗೇ ಆಗಿದ್ದಾನೆ. ಓದಿದ್ದು ಒಂಬತ್ತನೆಯ ಇಯತ್ತೆ, ಅದೂ ನಪಾಸು. ಮಾತು ಬಹಳ ಕಡಿಮೆ. ಇಂಥವನು ಕಳೆದ ದೀಪಾವಳಿಯಿಂದ ಈಚೆಗೆ, ಎಡಗೈಯಲ್ಲಿ ಬಿಜಲಿ ಎಂಬ ಎಂಟು ತಿಂಗಳ ಕುನ್ನಿಯ ಹಗ್ಗ ಹಿಡಿದುಕೊಂಡು ಪೇಟೆಯಲ್ಲಿ ತಿರುಗುತ್ತ, ನಡುನಡುವೆ ಯಾರಿಗೂ ತಿಳಿಯದ ಇಂಗ್ಲಿಷನ್ನು ಉದುರಿಸತೊಡಗಿದ್ದ. ‘ಅರೈಟ್, ಮೇಟ್.’ ‘ಸೇಫ್, ಬ್ರವ್.’ ‘ಲೀವಿಟ್ ಆಟ್.’ ನೀರಿಗೆ ‘ವಾಟರ್’ ಅನ್ನದೆ, ನಡುವೆ ಬಿಕ್ಕಳಿಕೆ ಬಂದವರಂತೆ ‘ವಾ... ಅ’ ಅನ್ನುತ್ತಿದ್ದ. ಮತ್ತು ಯಾವ ಮಾತು ಹೇಳಿದರೂ ಅದರ ಕೊನೆಗೆ ‘ಇನ್ನಿಟ್’.

ಊರಿನವರೆಲ್ಲ ಇದನ್ನು ಪವಾಡವೆಂದು ತಿಳಿದರು. ಇದರ ಹಿಂದೆ ಒಳಸಂಚು ಇದೆ ಎಂದು ಮೊದಲು ಸಂಶಯಪಟ್ಟವರು ಹೀರಾ ಬಾಯಾರು ಒಬ್ಬರೇ.

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಬಾಯಾರು ಅನ್ನುತ್ತೇವೆ. ತೇರದಾಳದ ಜೈನರ ಮನೆಯ ಮಗಳಾದ ಹೀರಾ ಬಾಯಾರು ಮುಧೋಳದ ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ, ಎರಡು ವರ್ಷದ ಹಿಂದೆ ನಿವೃತ್ತರಾದವರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವಂತೆಯೇ ಕಿವಿಗೆ ಬಿದ್ದ ಪ್ರತಿ ವಾಕ್ಯವನ್ನೂ ಸೋಸುವ ಅಭ್ಯಾಸ ಅವರದು. ಅವರ ಇಡೀ ಕೀರ್ತಿ ನಿಂತಿದ್ದುದು ವ್ಯಾಕರಣದ ಒಂದು ಸಣ್ಣ ತುಂಡಿನ ಮೇಲೆ: ಕ್ವೆಶ್ಚನ್ ಟ್ಯಾಗ್. ಪರೀಕ್ಷೆಯಲ್ಲಿ ಒಂದೇ ಮಾರ್ಕಿನ ಪ್ರಶ್ನೆ. ವಾಕ್ಯದ ಕೊನೆಗೆ ‘ಅಲ್ಲವೇ’ ಎಂದು ಕೇಳುವ ಆ ತುಂಡಿಗೆ ಬಾಯಾರು ಬಾಲ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯಕ್ಕೆ ಒಂದೊಂದು ಬಾಲ ಇರುತ್ತದೆ. ಅವನು ಬಂದ ಅನ್ನುವುದಕ್ಕೆ ಒಂದು, ಅವಳು ಬರುವುದಿಲ್ಲ ಅನ್ನುವುದಕ್ಕೆ ಇನ್ನೊಂದು. ಎಮ್ಮೆಯ ಬಾಲವನ್ನು ಕುದುರೆಗೆ ಹಚ್ಚಿದರೆ ಮಾರ್ಕಿಲ್ಲ. ಅವರ ಕೈಯಲ್ಲಿ ಕಲಿತ ಹುಡುಗರು ಬೇರೆ ಏನು ಮರೆತರೂ ಬಾಲ ಮರೆಯುವುದಿಲ್ಲ ಎಂದು ಮಂದಿ ಹೇಳುತ್ತಿದ್ದರು.

ಅವರು ಆ ಶಬ್ದವನ್ನು ಮೊದಲು ಕೇಳಿದ್ದು ಕಾಯಿಪಲ್ಲೆ ಸಂತೆಯಲ್ಲಿ. ಚವಳೀಕಾಯಿ ಆರಿಸುತ್ತಿದ್ದಾಗ ಲಗಮಪ್ಪ ಎದುರಿಗೆ ಬಂದು ನಿಂತು, ನಮಸ್ಕಾರ್ರಿ ಬಾಯಾರ ಎಂದು ಕೈ ಮುಗಿದ. ಅವನ ಕುನ್ನಿ ಬಾಯಾರ ಚೀಲ ಮೂಸಿತು, ಬಾಯಾರು ಚೀಲವನ್ನು ಮೇಲೆತ್ತಿಕೊಂಡರು. ಆಗ ಲಗಮಪ್ಪ ತಲೆ ತಗ್ಗಿಸಿ, ಮೆಲ್ಲಗೆ, “ಈಸಿ, ಬ್ರವ್. ಶೀ ಈಸ್ ಸೇಫ್, ಇನ್ನಿಟ್,” ಅಂದ.

ಅನ್ನದಲ್ಲಿ ಹರಳು ಕಡಿದಂತಾಯಿತು. “ಈಸಂಟ್ ಶೀ,” ಎಂದು ಬಾಯಾರ ಬಾಯಿ ತಾನಾಗಿಯೇ ತಿದ್ದಿತು. ಲಗಮಪ್ಪ ಹೌದೆನ್ನುವಂತೆ ಗೋಣು ಹಾಕಿ ಹೋದ.

ಆಗಲೇ ಅವರ ಮನಸ್ಸಿನಲ್ಲಿ ಒಂದು ಹುಳು ಹೊಕ್ಕಿತು. ಶಿಷ್ಯ ಗುರುವಿನ ಎದುರು ತಲೆ ತಗ್ಗಿಸುವುದು ಸರಿ. ಆದರೆ ತಲೆ ತಗ್ಗಿಸಿಯೂ ಹಿಂಗೆ ಅನ್ನುವುದೆಂದರೆ? ಈಸಿ ಅಂತೆ. ತಮಗೆ ಯಾತರ ಅವಸರವಿತ್ತು?

ಎರಡು ದಿನ ಬಿಟ್ಟು ಅಭಿನಂದನ ಮನೆಗೆ ಬಂದ. ಮುಧೋಳದಲ್ಲಿ ಮೊಬೈಲ್ ಅಂಗಡಿ ಇಟ್ಟವನು, ತೊಂಬತ್ತಮೂರನೆಯ ಇಸವಿಯಲ್ಲಿ ಒಂಬತ್ತನೆಯ ಇಯತ್ತೆ ಕಲಿತ ತಂಡದ ಮುಖಂಡ. ಅವರ ತಂಡದವರು ಸೇರಿ ಗುರುವಂದನೆ ಇಟ್ಟುಕೊಂಡಿದ್ದಾರೆ, ಕಲಿಸಿದವರನ್ನೆಲ್ಲ ಕರೆದು ಶಾಲು ಹೊದಿಸುತ್ತಾರೆ, ಒಬ್ಬೊಬ್ಬ ಗುರುವಿನ ಬಗ್ಗೆ ಒಬ್ಬೊಬ್ಬ ಶಿಷ್ಯ ಎರಡು ಮಾತಾಡುತ್ತಾನೆ. ಅಲ್ಲಿಯ ತನಕ ಬಾಯಾರಿಗೆ ಸಂತೋಷವೇ ಆಯಿತು. ತಮ್ಮ ಬಗ್ಗೆ ಯಾರು ಮಾತಾಡುವವರು ಎಂದು ಕೇಳಿದರು.

“ಲಗಮಪ್ಪ ರಿ. ನಾವು ಬ್ಯಾರೆದವರಿಗೆ ಹೇಳಿದ್ವಿ. ಅಂವ ತಾನಾಗೇ ಎದ್ದ ನಿಂತು, ಬಾಯಾರ ಬಗ್ಗೆ ನಾನ ಮಾತಾಡಾಂವ ಅಂದಾನ್ರಿ,” ಅಂದ ಅಭಿನಂದನ. ಅಷ್ಟಕ್ಕೇ ಬಿಡದೆ ನಗುತ್ತ ಸೇರಿಸಿದ: “ಇಂಗ್ಲೀಷಿನ್ಯಾಗ ಮಾತಾಡಿದ್ರ ಮಜಾ ಬರತೈತಿ, ಇನ್ನಿಟ್ ರಿ ಬಾಯಾರ.”

ಬಾಯಾರು ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ಓದದೆ ಬೋರಲು ಇಟ್ಟರು.

ಅದಕ್ಕೊಂದು ಕಾರಣವಿತ್ತು, ಅದು ಬಾಯಾರಿಗೆ ಮಾತ್ರ ಗೊತ್ತಿತ್ತು. ತೊಂಬತ್ತಮೂರರ ವಾರ್ಷಿಕ ಪರೀಕ್ಷೆಯಲ್ಲಿ ಲಗಮಪ್ಪನಿಗೆ ಇಂಗ್ಲಿಷಿನಲ್ಲಿ ಬಿದ್ದದ್ದು ಮೂವತ್ನಾಲ್ಕು. ಪಾಸಾಗಲು ಬೇಕಾದದ್ದು ಮೂವತ್ತೈದು. ಹೋದ ಆ ಒಂದು ಮಾರ್ಕು ಬಾಲದ್ದು. ‘ರಾಮ ಹಾವನ್ನು ಕೊಂದ’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೊಟ್ಟು, ಇದಕ್ಕೆ ಬಾಲ ಹಚ್ಚಿರಿ ಎಂದು ಕೇಳಿದ್ದರು. ನಮ್ಮವರು ಇಂಥ ಕಡೆ ಏನನ್ನುತ್ತಾರೆ? ರಾಮ ಹಾವು ಕೊಂದ, ಹೌದಿಲ್ಲೊ. ಅವಳು ಬಂದಳು, ಹೌದಿಲ್ಲೊ. ನಾಳೆ ಸಂತೆ, ಹೌದಿಲ್ಲೊ. ಎಲ್ಲದಕ್ಕೂ ಅದೊಂದೇ ಬಾಲ. ಲಗಮಪ್ಪ ಅದನ್ನು ಇದ್ದ ಹಾಗೆ ಎತ್ತಿ, ಹೌದಕ್ಕೆ ‘ಎಸ್’, ಇಲ್ಲಕ್ಕೆ ‘ನೋ’ ಎಂದು ಇಂಗ್ಲಿಷ್ ಮಾಡಿ, ‘ರಾಮ ಕಿಲ್ಡ್ ಎ ಸ್ನೇಕ್, ಎಸ್ ನೋ’ ಎಂದು ಬರೆದಿದ್ದ. ಬಾಯಾರು ಕೆಂಪು ಶಾಯಿಯಲ್ಲಿ ಅದರ ಮೇಲೆ ಒಂದು ಗೆರೆ ಎಳೆದಿದ್ದರು. ಆಗ ಅವರಿಗೆ ಮೂವತ್ತು ವರ್ಷ, ನೌಕರಿಯ ನಾಲ್ಕನೆಯ ವರ್ಷ. ಒಂದು ಮಾರ್ಕು ಕೊಟ್ಟರೆ ಇಂಗ್ಲಿಷ್ ಭಾಷೆಗೇ ಧಕ್ಕೆ ಎಂದು ನಂಬಿದ್ದ ವಯಸ್ಸು. ಮರುವರ್ಷ ಲಗಮಪ್ಪ ಶಾಲೆಗೆ ಬರಲಿಲ್ಲ. ಆ ಗೆರೆ ಮಾತ್ರ ಬಾಯಾರ ಮನಸ್ಸಿನಲ್ಲಿ ಅಳಿಸದೆ ಉಳಿಯಿತು. ಕೊಡಬಹುದಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು, ಕೊಡುವುದು ಹೇಗೆ ಸಾಧ್ಯ ಎಂದು ಮತ್ತೊಮ್ಮೆ.

ಈಗ ಅದೇ ಹುಡುಗ ತಾನಾಗಿಯೇ ಎದ್ದು ನಿಂತಿದ್ದಾನೆ. ಮೂವತ್ನಾಲ್ಕು ವರ್ಷ ಕಾಪಾಡಿಕೊಂಡ ಹೆಸರು, ಮೂವತ್ನಾಲ್ಕು ಮಾರ್ಕಿನ ಕೈಯಲ್ಲಿ, ಊರ ಮಂದಿಯ ಎದುರಿಗೆ, ಮೈಕಿನ ಮುಂದೆ. ಆ ಹೆಸರು ಉಳಿಯಬೇಕಾದರೆ ಕಾರ್ಯಕ್ರಮಕ್ಕೆ ಮುಂಚೆ ಈ ‘ಇನ್ನಿಟ್’ನ ಬುಡ ಹುಡುಕಬೇಕು. ಬಾಯಾರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಮೊದಲ ಸಾಕ್ಷಿ ವಿಠೋಬಾ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಮಣ್ಣು ಹೊರುವವನು. ಆ ಕೆಲಸದಲ್ಲಿ ಆಳುಗಳ ಮೇಲ್ವಿಚಾರಣೆ ಮಾಡುವವನಿಗೆ ಮೇಟ್ ಅನ್ನುತ್ತಾರೆ, ಆ ಹುದ್ದೆಯ ಮೇಲೆ ವಿಠೋಬಾ ಮೂರು ವರ್ಷದಿಂದ ಕಣ್ಣಿಟ್ಟಿದ್ದ. ಒಂದು ದಿನ ಲಗಮಪ್ಪ ಒಡ್ಡಿನ ಮೇಲೆ ನಾಯಿ ಹಿಡಿದುಕೊಂಡು ಹೋಗುತ್ತ ‘ಅರೈಟ್, ಮೇಟ್’ ಅಂದದ್ದನ್ನು ಅವನು ಕಿವಿಯಾರೆ ಕೇಳಿದ. ಸುತ್ತ ಬೇರೆ ಯಾರೂ ಇರಲಿಲ್ಲ. ಅಂದರೆ ಆದೇಶ ತನಗೇ. ಮರುದಿನ ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದು ಹಾಜರಿ ಕರೆಯತೊಡಗಿದ. ಎರಡು ದಿನ ನಡೆಯಿತು. ಮೂರನೆಯ ದಿನ ಪಂಚಾಯಿತಿಯವರು ಕರೆದು, ನಿನ್ನನ್ನು ಮೇಟ್ ಮಾಡಿದವರು ಯಾರು ಎಂದು ಕೇಳಿದರೆ, ಲಗಮಪ್ಪ, ಅದೂ ಇಂಗ್ಲಿಷಿನಲ್ಲಿ ಎಂದು ಉತ್ತರಿಸಿದನಂತೆ. ಬಾಯಾರ ಎದುರು ಸೀಟಿ ತೋರಿಸುತ್ತ, ಅಂವ ನನ್ನ ಜೀವನದ ಜೋಡಿ ಆಟ ಆಡ್ಯಾನ್ರಿ ಎಂದು ಕಣ್ಣು ಒರೆಸಿಕೊಂಡ.

ಎರಡನೆಯವಳು ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಅನಸವ್ವ. ಹೊರಗಿನ ಊಟ ಮುಟ್ಟದ ಬಾಯಾರು ಹೊಸ್ತಿಲ ಆಚೆಯೇ ನಿಂತು ವಿಚಾರಣೆ ಮಾಡಿದರು. ಅನಸವ್ವನ ಪಾಲಿಗೆ ಇದರಲ್ಲಿ ಗುಟ್ಟೇನೂ ಇರಲಿಲ್ಲ. ಅದು ಇಂಗ್ಲಿಷೇ ಅಲ್ಲ, ಅಚ್ಚ ಕನ್ನಡ. “ಇನ್ನ ಇಡ ಅಂತಾನ್ರಿ. ನಾ ಇಡ್ತೇನಿ. ಒಂದಿನ ಏಳ ರೊಟ್ಟಿ ಇಟ್ಟೇನಿ. ಮೂರ ತಾ ತಿಂದ, ನಾಕ ನಾಯಿಗಿ ಹಾಕಿದ. ಮತ್ತ ನನ್ನ ಮಾರಿ ನೋಡಿ ಸಾಕ್ ಬೇ ಯವ್ವಾ ಅಂದ. ಹಂಗಾದ್ರ ಇನ್ನ ಇಡ ಅಂತ ಯಾಕ ಅನಬೇಕ್ರಿ?” ಇದರಲ್ಲೂ ಬಾಯಾರಿಗೆ ಕಂಡದ್ದು ಮೋಸವೇ. ಬಡವಳ ಹಿಟ್ಟು ಖರ್ಚು ಮಾಡಿಸಿ ಆಮೇಲೆ ಸಾಕು ಅನ್ನುವವನು ಏನು ಮಾಡಲಿಕ್ಕೂ ಹೇಸುವವನಲ್ಲ.

ಸಂಜೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಬಾಯಾರು ಸೊಸೆ ಸುಪ್ರೀತಾಳನ್ನು ಎದುರಿಗೆ ಕೂರಿಸಿಕೊಂಡರು. ಅವರ ಬಳಿ ಇದ್ದ ದಪ್ಪ ಶಬ್ದಕೋಶದಲ್ಲಿ ‘ಇನ್ನಿಟ್’ ಇರಲಿಲ್ಲ. ಸುಪ್ರೀತಾಳ ಫೋನಿನಲ್ಲಿ ಇತ್ತು. ಅವಳು ಓದಿ ಓದಿ ಹೇಳಿದ್ದಿಷ್ಟು: ಇದು ಇಂಗ್ಲೆಂಡಿನ ಬಡವರ ಓಣಿಯ ಹುಡುಗರ ಮಾತು. ‘ಈಸಂಟ್ ಇಟ್’ ಸವೆದು ‘ಇನ್ನಿಟ್’ ಆಗಿದೆ, ಮೇಟ್ ಅಂದರೆ ಗೆಳೆಯ, ಬ್ರವ್ ಅಂದರೆ ತಮ್ಮ. ಇಟ್ಟಿಗೆ ಹೊರುವವರು, ಹಂಚು ಹೊದಿಸುವವರು, ಕೆಲಸ ಇಲ್ಲದ ದಿನ ಟೋಪಿ ಇರುವ ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಮೂಲೆಗೆ ನಿಲ್ಲುವವರು. ಅಲ್ಲಿಯ ದೊಡ್ಡ ಮಂದಿ ಅವರ ಮಾತು ಕೇಳಿ ನಗುತ್ತಾರೆ, ಅವರ ಮಾಸ್ತರರು ತಿದ್ದುತ್ತಾರೆ, ಅವರು ಕೇಳುವುದಿಲ್ಲ.

“ಅತ್ಯಾರ, ಇನ್ನೊಂದ ಐತಿ ನೋಡ್ರಿ,” ಅಂದಳು ಸುಪ್ರೀತಾ. “ಇವರು ಎಲ್ಲಾ ವಾಕ್ಯಕ್ಕೂ ಇದೊಂದ ಬಾಲಾ ಹಚ್ಚತಾರಂತ. ಅವನಿಗೂ ಇನ್ನಿಟ್, ಅವಳಿಗೂ ಇನ್ನಿಟ್. ನಮ್ಮ ಹೌದಿಲ್ಲೊ ಇದ್ದಂಗ ರಿ.”

ಬಾಯಾರು ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಂಚು ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು. ಮೂವತ್ತೆರಡು ವರ್ಷದ ಹಿಂದೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಉತ್ತರವನ್ನು ಲಗಮಪ್ಪ ಮರೆತಿಲ್ಲ. ಒಂದೇ ಬಾಲ ಸಾಕು ಎಂಬ ತನ್ನ ವಾದಕ್ಕೆ ಸಾಕ್ಷಿ ಹುಡುಕುತ್ತ ಸಮುದ್ರ ದಾಟಿ, ಇಂಗ್ಲಿಷರ ದೇಶದಲ್ಲೇ ಒಂದು ಕುಲವನ್ನು ಪತ್ತೆ ಹಚ್ಚಿದ್ದಾನೆ. ಅವರ ಮಾತನ್ನು ಕಲಿತು, ನಾಲ್ಕು ತಾಲೂಕಿನ ಬೀದಿ ಬೀದಿಯಲ್ಲಿ ಹರಡಿ, ಮಂದಿಯ ಬಾಯಿಗೆ ಅಂಟಿಸಿ, ಕೊನೆಗೆ ಗುರುವಂದನೆಯ ವೇದಿಕೆ ಹತ್ತಿ ಹೇಳಲಿದ್ದಾನೆ: ನನ್ನ ಉತ್ತರ ಸರಿಯಿತ್ತು, ತಪ್ಪು ಮಾಡಿದವರು ಬಾಯಾರು. ದಿಗ್ವಿಜಯಕ್ಕೆ ಹೊರಟ ಅರಸರೂ ಇಷ್ಟು ತಾಳ್ಮೆಯಿಂದ ಹಗೆ ಸಾಧಿಸಿದ್ದು ಬಾಯಾರು ಯಾವ ಪಾಠದಲ್ಲೂ ಓದಿರಲಿಲ್ಲ.

ಅವರು ಅಟ್ಟದ ಮೇಲಿನ ಟ್ರಂಕು ಇಳಿಸಿ, ತೊಂಬತ್ತಮೂರರ ಅಂಕಗಳ ವಹಿಯನ್ನು ಹುಡುಕಿ ತೆಗೆದರು. ಮೂವತ್ನಾಲ್ಕು ಇದ್ದಲ್ಲೇ ಇತ್ತು.

ಮರುದಿನ ಮುಂಜಾನೆ ಒಂದು ಆಟೊ ಮಾಡಿಕೊಂಡು ಲಗಮಪ್ಪನ ತೋಟದ ಮನೆಗೇ ಹೋದರು. ಲಗಮಪ್ಪ ಬಿಜಲಿಯನ್ನು ಓಡಿಸಲು ಕಾಲುವೆಯ ಕಡೆ ಹೋಗಿದ್ದ. ಅವನ ಹೆಂಡತಿ ಹಾಲವ್ವ ನಾಯಿಗಳಿಗೆ ಜೋಳದ ಗಂಜಿ ಕಾಸುತ್ತಿದ್ದಳು. ಬಾಯಾರು ಕೇಳುವುದನ್ನೇ ಕಾಯುತ್ತಿದ್ದವಳಂತೆ ಅವಳು ತನ್ನ ಸಂಶಯವನ್ನೂ ಹೊರಗೆ ಹಾಕಿದಳು. ದಿನಾ ಮಧ್ಯಾಹ್ನ ಫೋನಿನಲ್ಲಿ ಒಬ್ಬ ಬೆಳ್ಳಗಿನ ಹುಡುಗ ಕಾಣಿಸಿಕೊಳ್ಳುತ್ತಾನೆ. ತಲೆಯ ಮೇಲೆ ಟೋಪಿ ಎಳೆದುಕೊಂಡಿರುತ್ತಾನೆ. ಇಬ್ಬರೂ ಗಂಟೆಗಟ್ಟಲೆ ಏನೋ ಮಾತಾಡಿ ನಗುತ್ತಾರೆ. ಗಂಡ ತನ್ನ ಜೊತೆ ಮದುವೆಯಾದಾಗಿನಿಂದ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೂ ಆ ಹುಡುಗನ ಜೊತೆ ಒಂದು ವಾರಕ್ಕೆ ಆಡಿದಷ್ಟು ಆಗುವುದಿಲ್ಲ.

ಟೋಪಿಯ ಹುಡುಗ. ಸುಪ್ರೀತಾಳ ಫೋನಿನಲ್ಲಿದ್ದ ಕುಲದವನೇ. ಬಾಯಾರು ತಲೆಯಾಡಿಸಿದರು.

ಹಾಲವ್ವ ಗಂಜಿಯ ಪಾತ್ರೆ ಕೆಳಗಿಳಿಸಿ ದನಿ ತಗ್ಗಿಸಿದಳು. “ಬಾಯಾರ, ಸಿಟ್ಟಾಗಬ್ಯಾಡ್ರಿ. ನಾ ಕೇಳಿದ್ದ ಹೇಳ್ತೇನಿ. ಮುಂಜಾನಿ ಎದ್ದ ಅಂಗಳದಾಗ ನಿಂತು ನಿಮ್ಮ ಹೆಸರ ಹಿಡಿದ ಕರೀತಾನ್ರಿ.”

“ನನ್ನ ಹೆಸರ? ಏನಂತ?”

“ಹೀರಾ, ಸಿಟ್ ಡೌನ್. ಹೀರಾ, ಸಿಟ್ ಡೌನ್. ಹಿಂಗ ಹತ್ತಿಪ್ಪತ್ತ ಸಲ ರಿ.”

ಬಾಯಾರು ಆಟೊದಲ್ಲಿ ತಿರುಗಿ ಬರುವಾಗ ದಾರಿಯ ಎರಡೂ ಕಡೆ ಕಬ್ಬು ನಿಂತಿತ್ತು. ಅದರ ಪ್ರತಿ ಗಣಿಕೆಯೂ ತಮಗೆ ‘ಸಿಟ್ ಡೌನ್’ ಅನ್ನುತ್ತಿರುವಂತೆ ಅವರಿಗೆ ಕಂಡಿತು. ವೇದಿಕೆಯ ಮೇಲೆ ಆಡಬೇಕಾದ ಮಾತನ್ನು ಅವನು ಬೆಳಬೆಳಗ್ಗೆ ತಾಲೀಮು ಮಾಡುತ್ತಿದ್ದಾನೆ. ಬಾಯಾರ ಎಂದೂ ಅಲ್ಲ, ಮೇಡಂ ಎಂದೂ ಅಲ್ಲ. ಹೀರಾ. ಮೂವತ್ನಾಲ್ಕು ವರ್ಷ ಹುಡುಗರಿಗೆ ತಾವು ಹೇಳಿದ ಮಾತನ್ನು ಈಗ ತಮಗೇ ತಿರುಗಿಸಿ ಹೇಳಲಿದ್ದಾನೆ. ಹೋಗಲೇಬಾರದು ಎಂದು ಒಂದು ಗಳಿಗೆ ಅನ್ನಿಸಿತು. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ. ಹೋಗಬೇಕು, ಅವನು ಬಾಯಿ ತೆರೆಯುವುದಕ್ಕೆ ಮುಂಚೆ ತಾವೇ ವಹಿ ತೆರೆಯಬೇಕು ಎಂದು ನಿಶ್ಚಯಿಸಿದರು.

ಗುರುವಂದನೆಯ ದಿನ ಕಲಿಸಿದವರನ್ನೆಲ್ಲ ಕಬ್ಬು ಹೇರುವ ಟ್ರಾಲಿಯಲ್ಲಿ, ಅದಕ್ಕೆ ಚೆಂಡು ಹೂ ಕಟ್ಟಿ, ಕುರ್ಚಿ ಹಾಕಿ, ಹಲಗೆ ಬಾರಿಸುತ್ತ ಮೆರವಣಿಗೆ ಮಾಡಿದರು. ಉಳಿದ ಮಾಸ್ತರರು ಎರಡೂ ಕಡೆ ಕೈ ಬೀಸುತ್ತಿದ್ದರು. ಹೀರಾ ಬಾಯಾರು ಕೈಚೀಲವನ್ನು ಎದೆಗೆ ಅವುಚಿಕೊಂಡು, ಹೂ ಎಸೆಯುವವರ ಮುಖವನ್ನು ಒಂದೊಂದಾಗಿ ಪರೀಕ್ಷಿಸುತ್ತ ಕುಳಿತಿದ್ದರು. ಚೀಲದಲ್ಲಿ ವಹಿ ಇತ್ತು. ಸಭೆಯ ಬಾಗಿಲಲ್ಲಿ ಅಭಿನಂದನ ಬಂದವರಿಗೆಲ್ಲ ಪೇಡೆ ಕೊಡುತ್ತ, ಬಿಸಿಲು ಭಾಳ, ಇನ್ನಿಟ್, ಒಳಗ ಬರ್ರಿ, ಇನ್ನಿಟ್ ಎಂದು ಸ್ವಾಗತಿಸುತ್ತಿದ್ದ. ರೋಗ ಇಲ್ಲಿಯ ತನಕ ಹಬ್ಬಿದೆ ಎಂದುಕೊಂಡರು ಬಾಯಾರು.

ಗಣಿತದ ಮಾಸ್ತರರ ಬಗ್ಗೆ ಒಬ್ಬ ಅತ್ತ. ಡ್ರಿಲ್ ಮಾಸ್ತರರ ಬಗ್ಗೆ ಇನ್ನೊಬ್ಬ ಪದ್ಯ ಓದಿದ. ಆಮೇಲೆ ಲಗಮಪ್ಪನ ಹೆಸರು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಿಜಲಿಯನ್ನು ವೇದಿಕೆಯ ಮೆಟ್ಟಿಲ ಕೆಳಗೆ ಬಿಟ್ಟು ಅವನು ಮೇಲೆ ಬಂದ. ಸಭೆಯ ತುಂಬ ಈಗಾಗಲೇ ನಗು ಹರಿದಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ವಿಠೋಬಾ ಕೊರಳ ಸೀಟಿಯ ಸಮೇತ ಎದ್ದು ನಿಂತಿದ್ದ. ಹಾಲವ್ವ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಬಾಯಾರ ಕೈ ಚೀಲದೊಳಗೆ ಹೋಯಿತು.

ಲಗಮಪ್ಪ ಮೈಕನ್ನು ತನ್ನ ಎತ್ತರಕ್ಕೆ ಎಳೆದುಕೊಂಡ.

“ಒಂಬತ್ತನೇತ್ತಾದಾಗ ನಾ ಪಾಟೀಚೀಲದಾಗ ಒಂದ ಕುನ್ನಿ ಹಾಕ್ಕೊಂಡ ಸಾಲಿಗಿ ಬಂದಿದ್ದೆ,” ಅಂದ. “ಅದರ ತಾಯಿ ಸತ್ತಿತ್ತು. ಎಲ್ಲಾ ಮಾಸ್ತರು ನನ್ನ ಹೊರಗ ಹಾಕಿದ್ರು. ಹೊರಗ ಮಳಿ ಇತ್ತು. ಬಾಯಾರ ಪೀರಿಯಡ್‌ನ್ಯಾಗ ಅದು ಕುಂಯ್ ಅಂತು. ಬಾಯಾರು ನೋಡಿದ್ರು, ಸುಮ್ಮ ಪಾಠ ಮುಂದುವರಸಿದ್ರು. ಅಷ್ಟ ರಿ.”

ಬಾಯಾರಿಗೆ ಅದು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಆ ಕುನ್ನಿ ಅವರ ನೆನಪಿನಲ್ಲಿ ಕುಂಯ್ ಅನ್ನಲಿಲ್ಲ. ಚೀಲದೊಳಗಿನ ಕೈ ವಹಿಯನ್ನು ಬಿಟ್ಟಿತು. ಅಷ್ಟರಲ್ಲಿ ಲಗಮಪ್ಪ ತಲೆ ತಗ್ಗಿಸಿ, ಸಂತೆಯಲ್ಲಿ ಅಂದಂತೆಯೇ ಮೆಲ್ಲಗೆ, ಆದರೆ ಮೈಕಿನ ಮುಂದೆ, “ಸ್ಟೇ, ಬ್ರವ್. ನಿಯರ್ಲಿ ಡನ್, ಇನ್ನಿಟ್,” ಅಂದ.

ಸಭೆ ಕುರ್ಚಿಗಳ ಮೇಲೆ ಬಿದ್ದು ಹೊರಳಾಡಿ ನಕ್ಕಿತು. ವೇದಿಕೆಯ ಮೇಲಿನ ಕುರ್ಚಿಯಿಂದ ಎದ್ದು ಬಾಯಾರು ಮೈಕಿನ ಬಳಿ ಬಂದು ನಿಂತರು. ಮೂವತ್ನಾಲ್ಕು ವರ್ಷ ತರಗತಿಗಳನ್ನು ಸುಮ್ಮನಿರಿಸಿದ ನಿಲುವು ಅದು, ಸಭೆ ಗಪ್ಪಾಯಿತು.

“ನಿಲ್ಲ, ಲಗಮಪ್ಪ. ನೀ ಹೇಳೂಕ್ಕಿಂತ ಮೊದಲ ನಾನ ಹೇಳ್ತೇನಿ.” ವಹಿ ಹೊರಗೆ ಬಂತು. “ತೊಂಬತ್ತಮೂರನೇ ಇಸ್ವಿ. ಇಂಗ್ಲೀಷ ಮೂವತ್ನಾಕ. ಬಾಲಾ ತಪ್ಪ ಅಂತ ಒಂದ ಮಾರ್ಕ್ ನಾ ಕೊಡಲಿಲ್ಲ. ಕೊಟ್ಟಿದ್ರ ನೀ ಪಾಸ್ ಆಗ್ತಿದ್ದಿ, ಸಾಲಿ ಬಿಡ್ತಿರಲಿಲ್ಲ. ಅದನ್ನ ಎಲ್ಲಾರ ಮುಂದ ಒಪ್ಪಕೊಳ್ಳಾಕತ್ತೇನಿ.”

ಲಗಮಪ್ಪ ಹುಬ್ಬು ಗಂಟು ಹಾಕಿ, ಬಹಳ ದೂರದ್ದೇನನ್ನೋ ನೆನಪಿಸಿಕೊಳ್ಳುವವನಂತೆ ನಿಂತ.

“ಗಣಿತದಾಗ ನನಗ ಹನ್ನೊಂದ ಬಿದ್ದಿದ್ದೂರಿ, ಬಾಯಾರ,” ಅಂದ ಕೊನೆಗೆ. “ವಿಜ್ಞಾನದಾಗ ಒಂಬತ್ತ.”

ಮೊದಲು ನಕ್ಕವರು ಗಣಿತದ ಮಾಸ್ತರರು. ಬಾಯಾರು ವಹಿಯ ಪುಟವನ್ನು ನೋಡಿದರು. ಇಂಗ್ಲಿಷಿನ ಪಕ್ಕದಲ್ಲಿ ಬೇರೆ ವಿಷಯಗಳ ಕಲಂಗಳೂ ಇದ್ದವು. ಮೂವತ್ತೆರಡು ವರ್ಷದಲ್ಲಿ ಅವರ ಕಣ್ಣು ಆ ಕಡೆ ಒಮ್ಮೆಯೂ ಹೋಗಿರಲಿಲ್ಲ. ಎದೆಯ ಮೇಲಿನ ಹೊರೆ ಇಳಿದದ್ದೇನೋ ನಿಜ. ಆದರೆ ಹೊರೆ ಇಳಿದ ಜಾಗದಲ್ಲಿ ಸಂಶಯ ಇನ್ನಷ್ಟು ನೆಟ್ಟಗೆ ಎದ್ದು ನಿಂತಿತು. ಮಾರ್ಕಿನ ಹಗೆ ಇಲ್ಲವಾದರೆ ಈ ನಾಟಕ ಯಾಕೆ?

“ಹಂಗಾದ್ರ ಮುಂಜಾನಿ ಎದ್ದ ನನ್ನ ಹೆಸರ ಯಾಕ ಕರೀತಿ?” ಅಂದರು. “ಹೀರಾ, ಸಿಟ್ ಡೌನ್ ಅಂತ.”

ಆ ಮಾತು ಅವರ ಬಾಯಿಂದ ಮೈಕಿಗೆ, ಮೈಕಿನಿಂದ ಸಭೆಗೆ ಹೋಗುವಷ್ಟರಲ್ಲಿ ಮೆಟ್ಟಿಲ ಕೆಳಗಿದ್ದ ಬಿಜಲಿಯ ಕಿವಿ ನಿಮಿರಿದವು. ಅದು ಎರಡೇ ಜಿಗಿತಕ್ಕೆ ವೇದಿಕೆ ಹತ್ತಿ, ಶಾಲು ಹಣ್ಣುಗಳ ಮೇಜನ್ನು ಬಳಸಿ ಬಂದು, ಬಾಯಾರ ಕಾಲ ಬಳಿ ನೆಟ್ಟಗೆ ಕುಳಿತು ಅವರ ಮುಖ ನೋಡಿತು.

“ಹಿಯರ್ ಅಂತೇನ್ರಿ,” ಅಂದ ಲಗಮಪ್ಪ. “ಇಲ್ಲಿ ಬಾ ಅನ್ನಾಕ.”

ಬಾಯಾರು ನಾಯಿಯನ್ನು ನೋಡಿದರು, ಲಗಮಪ್ಪನನ್ನು ನೋಡಿದರು, ಮತ್ತೆ ನಾಯಿಯನ್ನು ನೋಡಿದರು. ನಾಯಿ ಬಾಲ ಅಲ್ಲಾಡಿಸಿತು. ಅಷ್ಟಕ್ಕೆ ಸೋಲುವ ಜೀವ ಅವರದಲ್ಲ.

“ಆತು, ಅದು ಹಂಗ ಇರ್ಲಿ. ಆ ಟೋಪಗಿ ಹುಡುಗ ಯಾರು?”

ಅವನ ಹೆಸರು ಕೈಲ್, ಲಂಡನ್ನಿನ ಆಚೆಯ ಯಾವುದೋ ಊರಿನಲ್ಲಿ ಮನೆಗಳಿಗೆ ಹಂಚು ಹೊದಿಸುತ್ತಾನೆ, ಬೇಟೆ ನಾಯಿ ಎಂದರೆ ಜೀವ ಬಿಡುತ್ತಾನೆ ಎಂದು ಲಗಮಪ್ಪ ಹೇಳಿದ. ಅವನಿಂದಲೇ ಈ ಮಾತು ಕಲಿತದ್ದು. ಬೇರೆ ಇಂಗ್ಲಿಷ್ ಅವನಿಗೂ ಬರುವುದಿಲ್ಲ.

“ಛಲೋ. ಅಂವನ ಜೋಡಿ ಅಂವನಂಗ ಮಾತಾಡು, ಯಾರ ಬ್ಯಾಡ ಅಂದಾರ?” ಬಾಯಾರ ದನಿ ಏರಿತು. “ಒಡ್ಡಿನ ಮ್ಯಾಲೆ ವಿಠೋಬಾನ ಜೋಡಿ, ಖಾನಾವಳ್ಯಾಗ ಅನಸವ್ವನ ಜೋಡಿ, ಸಂತ್ಯಾಗ ನನ್ನ ಜೋಡಿ, ಈಗ ಇಷ್ಟ ಮಂದಿ ಜೋಡಿ ಹಂಗ ಯಾಕ ಮಾತಾಡ್ತಿ? ನಾಕ ತಾಲೂಕ ತಲಿ ಕೆಡಸಿಕೊಂಡ ಕುಂತೈತಿ. ಖರೆ ಹೇಳು.”

ವಿಠೋಬಾ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಲಗಮಪ್ಪ ಬಗ್ಗಿ ಬಿಜಲಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ನಿಜವಾಗಿಯೂ ಆಶ್ಚರ್ಯಪಟ್ಟವನಂತೆ ಬಾಯಾರನ್ನು ನೋಡಿದ.

“ನಿಮ್ಮ ಜೋಡಿ ಯಾವಾಗ ಮಾತಾಡೇನ್ರಿ, ಬಾಯಾರ? ನಾಯಿ ಜೋಡಿ ಮಾತಾಡಾಕತ್ತಿದ್ದೆ. ಬರೂ ತಿಂಗಳ ಅದು ಆ ಹುಡುಗನ ಮನಿಗಿ ಹೋಗೂದೈತಿ. ಅಂವಗ ಕನ್ನಡ ಬರೂದಿಲ್ರಿ.”